ಮಳೆ ಬರೋತನಕ ಕೂರಿಗೆ

"ಇನ್ನೂ ನೌಕರಿ ಆಗಲಿಲ್ಲೇನು?"
ಈ ಮಾತಿಗೆ ಹೆದರಿ
ಮದುವೆ ಮನೆಗೆ ಹೋಗೋದೇ ಬಿಟ್ಟಿದ್ದೀರಾ?
ಒಂದು ನಿಮಿಷ ಕೇಳಿ.

2021ರ ಅಕ್ಟೋಬರ್.
ಪಿಎಸ್‌ಐ ಪರೀಕ್ಷೆ. ಹುದ್ದೆ 545.
ಬರೆದವರು 50 ಸಾವಿರಕ್ಕೂ ಹೆಚ್ಚು.
ಅಕ್ರಮ ಹೊರಬಿತ್ತು.
2022ರ ಏಪ್ರಿಲ್‌ನಲ್ಲಿ ಪರೀಕ್ಷೆಯೇ ರದ್ದು.
ಮರುಪರೀಕ್ಷೆ ಯಾವಾಗ ನಡೀತು ಗೊತ್ತಾ?
2024ರ ಜನವರಿಯಲ್ಲಿ!
ನಿಯತ್ತಾಗಿ ಓದಿದವರಿಗೆ
ಇದಕ್ಕಿಂತ ದೊಡ್ಡ ಅನ್ಯಾಯ ಇಲ್ಲ.
ಆದರೂ ಎಷ್ಟೋ ಮಂದಿ
ಹಾಲ್ ಟಿಕೆಟ್ ಹಿಡಿದು ಮತ್ತೆ ಬಂದರು.

ಅಷ್ಟು ದಿನ ತಡಕೊಳ್ಳೋದು ಹೆಂಗೆ?
ನಮ್ಮ ಕೊಪ್ಪಳದ ಹೊಲ ನೋಡಿ.
ಗಂಗಾವತಿ ಗದ್ದೆಗೆ ತುಂಗಭದ್ರಾ ಕಾಲುವೆ ಇದೆ.
ಕುಷ್ಟಗಿ ಮಸಾರಿಗೆ, ಯಲಬುರ್ಗಾ ಎರೆಗೆ
ಮಳೆಯೇ ಗತಿ.
ಮಳೆ ತಡ ಆಯ್ತು ಅಂತ
ಅಪ್ಪ ಸುಮ್ಮನೆ ಕೂರ್ತಾರಾ?
ಹೊಲ ಹರಗ್ತಾರೆ.
ಕೂರಿಗೆ ರಿಪೇರಿ ಮಾಡ್ತಾರೆ.
ಬೀಜ ಅಂಗೈಯಲ್ಲಿ ಹರವಿ,
ಉಫ್ ಅಂತ ಊದಿ,
ಜೊಳ್ಳು ಹಾರಿಸ್ತಾರೆ.
ಯಾಕಂದ್ರೆ ಮಳೆ ಬಿದ್ದ ಮೇಲೆ
ಹದ ಇರೋದು ನಾಲ್ಕೇ ದಿನ.

ನೋಟಿಫಿಕೇಶನ್ನೂ ಹಂಗೇ.
ಅರ್ಜಿ ಹಾಕೋಕೆ ಸಿಗೋದು ಕೆಲವೇ ವಾರ.

ಇನ್ನೊಂದು ಮಾತು, ಇದು ಮುಖ್ಯ.
ಕೊಪ್ಪಳ ಜಿಲ್ಲೆಯವರಿಗೆ ಸಂವಿಧಾನದ 371ಜೆ ವಿಧಿಯ ಹಕ್ಕಿದೆ.
2013ರಲ್ಲಿ ಬಂದದ್ದು.
ನಮ್ಮ ಭಾಗದ ಸ್ಥಳೀಯ ವೃಂದದಲ್ಲಿ
ಗ್ರೂಪ್ ಸಿ ಹುದ್ದೆ ನೂರಕ್ಕೆ 80 ನಮ್ಮವರಿಗೇ.
ಆದರೆ ಪ್ರಮಾಣಪತ್ರ ಕೈಯಲ್ಲಿರಬೇಕು.
ಮಾಡಿಸಿದ್ದೀರಾ?
ಇಲ್ಲಾಂದ್ರೆ ಈ ವಾರವೇ ಅರ್ಜಿ ಹಾಕಿ.
ಬರೋ ದಾರೀಲಿ
ಹಳೇ ಪ್ರಶ್ನೆಪತ್ರಿಕೆಯ ಒಂದು ಕಟ್ಟು
ಜೆರಾಕ್ಸ್ ಮಾಡಿಸಿಕೊಂಡು ಬನ್ನಿ.