ಗಾಜಿಗಂಟಿದ ಬಿಳಿ ಚುಕ್ಕೆ: ನಿಮಗಿದು ಗೊತ್ತೇ?

ಕಾರು ತೊಳೆದು ಬಿಸಿಲಿಗೆ ನಿಲ್ಲಿಸಿದ ಮೇಲೆ ಗಾಜಿನ ತುಂಬ ಮೂಡುವ ಬಿಳಿ ಚುಕ್ಕೆಗಳು ಉಳಿದುಹೋದ ಕೊಳೆಯಲ್ಲ. ಬಹುಪಾಲು ಅವು ತೊಳೆದ ನೀರಿನದೇ ಕೊಡುಗೆ. ನೀರು ಆವಿಯಾಗುತ್ತದೆ, ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಆವಿಯಾಗಲಾರದೆ ಗಾಜನ್ನೇ ಕಚ್ಚಿಕೊಳ್ಳುತ್ತವೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ನಲ್ಲಿಯ ಬಾಯಿಗೆ, ಗೀಸರಿನ ಒಳಗೆ ಕಟ್ಟಿಕೊಳ್ಳುವ ಬಿಳಿ ಗಟ್ಟಿಯೂ ಇದೇ.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದ ಕಡೆ 600ರವರೆಗೆ ಒಪ್ಪಬಹುದು. ಆ 600ರ ನೀರು 15 ಲೀಟರಿನ ಬಕೆಟ್ ತುಂಬ ಇದ್ದರೆ ಅದರಲ್ಲಿ ಅಡಗಿರುವ ಗಡಸುತನ 9 ಗ್ರಾಂ ಸುಣ್ಣಕಲ್ಲಿಗೆ ಸಮ.

ಊರು ಬದಲಾದರೆ ಚುಕ್ಕೆಯ ಕಾಟವೂ ಬದಲಾಗುತ್ತದೆ. ಶಹಾಬಾದ್, ಬಾಗಲಕೋಟೆಯಂಥ ಸುಣ್ಣಕಲ್ಲಿನ ನೆಲದಲ್ಲಿ ಅಂತರ್ಜಲ ಗಡಸು. ಕೋಲಾರ, ಚಿಕ್ಕಬಳ್ಳಾಪುರದ ಆಳದ ಬೋರ್‌ವೆಲ್‌ಗಳಲ್ಲೂ ಹಾಗೆಯೇ. ಹೆಚ್ಚು ಮಳೆ ಬೀಳುವ ಮಲೆನಾಡು, ಕರಾವಳಿಯ ಬಾವಿನೀರು ಸಾಮಾನ್ಯವಾಗಿ ಮೆದು. ಬೆಂಗಳೂರಿನ ಒಂದೇ ಬೀದಿಯಲ್ಲಿ ಕಾವೇರಿ ನೀರಿನ ಮನೆಯ ಕಾರು, ಟ್ಯಾಂಕರ್ ನೀರಿನ ಮನೆಯ ಕಾರು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಚುಕ್ಕೆ ನಡುವೆ ತೆಳುವಾಗಿ, ಅಂಚಿನಲ್ಲಿ ದಟ್ಟವಾಗಿ ಉಂಗುರದಂತೆ ಕಾಣುವುದೇಕೆ? ಹನಿಯ ಅಂಚು ಬೇಗ ಆರುತ್ತದೆ. ಆರಿದ್ದನ್ನು ತುಂಬಲು ನಡುವಿನ ನೀರು ಅಂಚಿನತ್ತ ಹರಿಯುತ್ತ, ತನ್ನಲ್ಲಿರುವ ಕಣಗಳನ್ನೂ ಅಲ್ಲಿಗೇ ಸಾಗಿಸುತ್ತದೆ. ಮೇಜಿನ ಮೇಲೆ ಚೆಲ್ಲಿದ ಕಾಫಿಯ ಕಲೆಯನ್ನು ಇಟ್ಟುಕೊಂಡು ಷಿಕಾಗೊ ವಿಶ್ವವಿದ್ಯಾಲಯದ ರಾಬರ್ಟ್ ಡೀಗನ್ ಮತ್ತು ಸಂಗಡಿಗರು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ವಿವರಿಸಿದರು.

ಸೋಪು ಹಾಕಿ ಎಷ್ಟು ತಿಕ್ಕಿದರೂ ಈ ಚುಕ್ಕೆ ಹೋಗುವುದಿಲ್ಲ. ಸೋಪು ಎಣ್ಣೆ, ಜಿಡ್ಡಿನ ಶತ್ರು. ಸುಣ್ಣಕ್ಕೆ ಬೇಕಾದ್ದು ಹುಳಿ. ಅಡುಗೆಮನೆಯ ವಿನೆಗರ್‌ನಲ್ಲಿ ಶೇ. 4–5ರಷ್ಟಿರುವ ಅಸಿಟಿಕ್ ಆಮ್ಲ ಕ್ಯಾಲ್ಸಿಯಂ ಕಾರ್ಬೊನೇಟನ್ನು ನೀರಿನಲ್ಲಿ ಕರಗುವ ಲವಣವನ್ನಾಗಿ ಬದಲಿಸುತ್ತದೆ. ಆಗ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ವಿನೆಗರ್ ಮತ್ತು ನೀರು ಸಮಪಾಲು ಬೆರೆಸಿ, ಬಟ್ಟೆಗೆ ನೆನೆಸಿ, ಗಾಜಿನ ಮೇಲೆ ಐದು ನಿಮಿಷ ಅಂಟಿಸಿಡಿ. ಕರಗಿಸುವುದು ಸಮಯವೇ ಹೊರತು ತೋಳಿನ ಬಲವಲ್ಲ. ಆಮೇಲೆ ಮೆಲ್ಲಗೆ ಒರೆಸಿ, ಧಾರಾಳ ನೀರು ಹೊಯ್ದು, ಒಣಬಟ್ಟೆಯಲ್ಲಿ ಒರೆಸಿ. ವಿನೆಗರ್ ಇಲ್ಲದಿದ್ದರೆ ಶರಬತ್ತಿಗೆ ಬಳಸುವ ನಿಂಬೆ ಉಪ್ಪನ್ನು ನೀರಿನಲ್ಲಿ ಕದಡಿದರೂ ಆದೀತು. ಅದು ಸಿಟ್ರಿಕ್ ಆಮ್ಲ. ಹುಣಸೆಹಣ್ಣೂ ಹುಳಿಯೇ, ಆದರೆ ಅದರ ನಾರು, ಮರಳಿನ ಕಣ ಗಾಜಿಗೆ ಒಳ್ಳೆಯದಲ್ಲ.

ವಿನೆಗರ್‌ಗೆ ಅಡುಗೆ ಸೋಡಾ ಬೆರೆಸಿದರೆ ಬುರುಗು ಬರುತ್ತದೆ, ಕೆಲಸ ಆಗುವುದಿಲ್ಲ. ಆಮ್ಲ, ಕ್ಷಾರ ಒಂದನ್ನೊಂದು ತಿಂದುಹಾಕಿ ಉಳಿಯುವುದು ಉಪ್ಪುನೀರು.

ಬ್ಲೀಚಿಂಗ್ ಪೌಡರ್ ಜೊತೆ ಮಾತ್ರ ಯಾವ ಹುಳಿಯನ್ನೂ ಎಂದೂ ಬೆರೆಸಬೇಡಿ. ಏಳುವುದು ಕ್ಲೋರಿನ್ ಅನಿಲ.

ಬಾತ್‌ರೂಮ್ ತೊಳೆಯುವ ಆಸಿಡ್ ಚುಕ್ಕೆಯನ್ನು ಕ್ಷಣದಲ್ಲಿ ಕರಗಿಸುತ್ತದೆ, ನಿಜ. ಅದರ ಹೈಡ್ರೋಕ್ಲೋರಿಕ್ ಆಮ್ಲ ಕ್ರೋಮ್ ಪಟ್ಟಿ, ಲೋಹದ ತುಣುಕುಗಳನ್ನೂ ತಿನ್ನುತ್ತದೆ, ಅದರ ಹೊಗೆ ಎದೆಗೂ ಹೋಗುತ್ತದೆ. ಕಾರಿನ ಹತ್ತಿರ ಅದನ್ನು ತರಲೇಬಾರದು. ವಿನೆಗರ್ ಕೂಡ ಬಣ್ಣದ ಮೇಲೆ ಆರಿ ನಿಲ್ಲದಂತೆ ನೋಡಿಕೊಳ್ಳಬೇಕು. ಪೋರ್ಟಿಕೋಗೆ ಅಮೃತಶಿಲೆ ಹಾಸಿದ್ದರೆ ಕಾರನ್ನು ಹೊರಗೆ ನಿಲ್ಲಿಸಿಯೇ ಕೆಲಸ ಮಾಡಿ. ಅಮೃತಶಿಲೆಯೂ ಕ್ಯಾಲ್ಸಿಯಂ ಕಾರ್ಬೊನೇಟೇ.

ಒದ್ದೆಯಿದ್ದಾಗ ಮಾಯವಾದ ಚುಕ್ಕೆ ಒಣಗಿದೊಡನೆ ಮತ್ತೆ ಕಾಣಿಸಿಕೊಳ್ಳುವುದು ಮಾಟವಲ್ಲ. ಒರಟು ಮೈಯ ಸಂದಿಗಳನ್ನು ಗಾಳಿಯ ಬದಲು ನೀರು ತುಂಬಿದಾಗ ಬೆಳಕು ಅಷ್ಟಾಗಿ ಚದರುವುದಿಲ್ಲ: ಗಾಳಿಯ ವಕ್ರೀಭವನಾಂಕ 1, ನೀರಿನದು 1.33, ಗಾಜಿನದು ಸುಮಾರು 1.5. ಹಾಗಾಗಿ ಚುಕ್ಕೆ ಹೋಯಿತೇ ಎಂಬ ತೀರ್ಮಾನ ಗಾಜು ಪೂರ್ತಿ ಒಣಗಿದ ಮೇಲೆಯೇ.

ಇನ್ನೊಂದು ಪರೀಕ್ಷೆ: ಬೆರಳಿಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು, ತೊಳೆದ ಗಾಜಿನ ಮೇಲೆ ಮೆಲ್ಲಗೆ ಸವರಿ. ಬರಿಬೆರಳಿಗೆ ತಿಳಿಯದ ತರಿತರಿ ಆಗ ತಿಳಿಯುತ್ತದೆ. ತರಿಯಿದ್ದರೆ ಮೇಲೆ ಕೂತ ಪದರ ಇನ್ನೂ ಇದೆ. ನುಣುಪಾಗಿದ್ದೂ ಕಲೆ ಕಾಣುತ್ತಿದ್ದರೆ ಗಾಜೇ ಸವೆದಿರಬಹುದು.

ಹೌದು, ನೀರು ಗಾಜನ್ನೂ ತಿನ್ನುತ್ತದೆ. ಕಾರಿನ ಗಾಜಿನಲ್ಲಿ ಸುಮಾರು ಶೇ. 70ಕ್ಕೂ ಹೆಚ್ಚು ಸಿಲಿಕಾ, ಉಳಿದದ್ದರಲ್ಲಿ ಬಹುಪಾಲು ಸೋಡಾ ಮತ್ತು ಸುಣ್ಣ. ತುಂಬ ಕಾಲ ನಿಂತ ನೀರು ಗಾಜಿನಿಂದ ಸೋಡಿಯಂ ಎಳೆದುಕೊಂಡು ತಾನು ಕ್ಷಾರವಾಗುತ್ತದೆ. ಪಿಎಚ್ 9 ದಾಟಿತೆಂದರೆ ಸಿಲಿಕಾದ ಹೆಣಿಗೆಯನ್ನೇ ಬಿಚ್ಚತೊಡಗುತ್ತದೆ. ಆಗ ಆಗುವುದು ಕಲೆಯಲ್ಲ, ಗಾಯ. ವಿನೆಗರ್ ಅದಕ್ಕೆ ಏನೂ ಮಾಡಲಾರದು.

ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸುವವರು ಒಮ್ಮೆ ತಲೆಯೆತ್ತಿ ಚಾವಣಿ ನೋಡಬೇಕು. ಕಾಂಕ್ರೀಟಿನ ಬಿರುಕಿನಿಂದ ತೊಟ್ಟಿಕ್ಕುವ ನೀರು ಸಿಮೆಂಟಿನ ಸುಣ್ಣವನ್ನು ಕರಗಿಸಿಕೊಂಡು ಬಂದಿರುತ್ತದೆ. ಅದರ ಪಿಎಚ್ 12ರ ಹತ್ತಿರಕ್ಕೂ ಹೋಗಬಹುದು. ಗಾಳಿಯ ಇಂಗಾಲದ ಡೈಆಕ್ಸೈಡ್ ತಾಗಿದೊಡನೆ ಅದೇ ನೀರು ಬಿಳಿ ಕಲ್ಲಾಗಿ ಗಟ್ಟಿಯಾಗುತ್ತದೆ. ಹಳೆಯ ಬೇಸ್‌ಮೆಂಟ್‌ಗಳ ಚಾವಣಿಯಲ್ಲಿ ಇಳಿಬಿದ್ದ ಬಿಳಿ ಕೊಳವೆಗಳು ಹುಟ್ಟುವುದು ಹೀಗೆ. ಗಾಜಿಗೂ ಬಣ್ಣಕ್ಕೂ ಇಷ್ಟು ಕೆಟ್ಟ ಹನಿ ಇನ್ನೊಂದಿಲ್ಲ ಎಂದೇ ನನ್ನ ಎಣಿಕೆ. ಕಂಡ ದಿನವೇ ವಿನೆಗರ್ ಹಚ್ಚಿ ತೆಗೆಯಿರಿ, ಕಾರನ್ನು ಬೇರೆ ಕಡೆ ನಿಲ್ಲಿಸಿ, ಸೋರಿಕೆ ಮುಚ್ಚಲು ಸಂಘದ ಬೆನ್ನು ಹತ್ತಿ.

ಸವೆದ ಗಾಜಿಗೆ ಇರುವ ಮದ್ದು ಸೀರಿಯಂ ಆಕ್ಸೈಡ್ ಎಂಬ ನಯವಾದ ಪುಡಿ. ಮಸೂರ, ಕನ್ನಡಕದ ಗಾಜನ್ನು ಹೊಳಪಿಸಲು ಬಳಸುವುದು ಇದನ್ನೇ. ಇದು ಬರೀ ಉಜ್ಜುವುದಿಲ್ಲ, ನೀರಿನ ಜೊತೆ ಸೇರಿ ಗಾಜಿನ ಮೇಲ್ಪದರದೊಂದಿಗೆ ರಾಸಾಯನಿಕವಾಗಿಯೂ ವರ್ತಿಸುತ್ತದೆ. ಒಂದೇ ಜಾಗವನ್ನು ಮೆಷಿನ್ನಿನಿಂದ ಅತಿಯಾಗಿ ತಿಕ್ಕಿದರೆ ಗಾಜು ತಗ್ಗಾಗಿ ಎದುರಿನ ದೃಶ್ಯವೇ ತಿರುಚಿಕೊಂಡೀತು. ಚಾಲಕನ ಕಣ್ಣೆದುರಿನ ಭಾಗವಾದರೆ ಅನುಭವಿ ಕೈಗೇ ಬಿಡುವುದು ಒಳ್ಳೆಯದು.

ಗೀರು ಬೀಳುವುದು ಸುಣ್ಣದಿಂದಲ್ಲ, ಧೂಳಿನಿಂದ. ಮೋಸ್ ಗಡಸುಮಾಪಕದಲ್ಲಿ ಸುಣ್ಣದ ಚುಕ್ಕೆ 3, ಗಾಜು ಸುಮಾರು 5.5, ರಸ್ತೆ ಧೂಳಿನಲ್ಲಿರುವ ಬೆಣಚುಕಲ್ಲಿನ ಕಣ 7. ಒಣ ಗಾಜಿನ ಮೇಲೆ ಒಣಬಟ್ಟೆ ಆಡಿಸುವುದು, ಧೂಳು ಕೂತ ಮುಂಗಾಜಿನ ಮೇಲೆ ನೀರಿಲ್ಲದೆ ವೈಪರ್ ಓಡಿಸುವುದು ಈ ಕಾರಣಕ್ಕೇ ತಪ್ಪು.

ಗಾಜಿನ ಒಳಮೈಯ ಮಂಜುಮಂಜು ಪೊರೆಯ ಕಥೆ ಪೂರ್ತಿ ಬೇರೆ. ಅಲ್ಲಿ ಸುಣ್ಣವಿಲ್ಲ. ಬಿಸಿಲಿಗೆ ಕಾದ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್‌ನಿಂದ, ಅದನ್ನು ಮೆದುವಾಗಿಡಲು ಸೇರಿಸಿದ ಎಣ್ಣೆಯಂಥ ರಾಸಾಯನಿಕಗಳು ಆವಿಯಾಗಿ ಎದ್ದು ತಂಪಾದ ಗಾಜಿನ ಮೇಲೆ ಕೂರುತ್ತವೆ. ಹೊಸ ಕಾರಿನ ವಾಸನೆಯಲ್ಲಿ ಇಂಥ ಆವಿಗಳ ಪಾಲೂ ಇದೆ. ಕಾರಿನೊಳಗೆ ದಿನವೂ ಊದುಬತ್ತಿ ಹಚ್ಚುವವರಿಗೆ ಅದರ ಹೊಗೆಯೂ ಸೇರಿಕೊಳ್ಳುತ್ತದೆ. ಇಲ್ಲಿ ವಿನೆಗರ್‌ಗಿಂತ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಬೆರೆಸಿದ ನೀರು, ಅಥವಾ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೀರು ಸಮಪಾಲು ಬೆರೆಸಿದ್ದು ಕೆಲಸ ಮಾಡುತ್ತದೆ. ಬಟ್ಟೆಗೆ ಸಿಂಪಡಿಸಿ, ಡ್ಯಾಶ್‌ಬೋರ್ಡಿನ ಮೇಲಲ್ಲ.

ಈ ಪೊರೆಯನ್ನು ಹಗುರವಾಗಿ ಎಣಿಸಬೇಡಿ. ಸಂಜೆಯ ಇಳಿಬಿಸಿಲು, ರಾತ್ರಿ ಎದುರು ಲಾರಿಯ ಹೆಡ್‌ಲೈಟ್ ಅದಕ್ಕೆ ಬಡಿದು ಚದುರಿದಾಗ ರಸ್ತೆ ದಾಟುವವರು ಕಾಣದೇ ಹೋಗುತ್ತಾರೆ.

ಗೆರೆ ಉಳಿದಿರುವುದು ಒಳಗೋ ಹೊರಗೋ ತಿಳಿಯುತ್ತಿಲ್ಲವೇ? ಹೊರಮೈಯನ್ನು ಅಡ್ಡಡ್ಡಲಾಗಿ, ಒಳಮೈಯನ್ನು ಮೇಲಿಂದ ಕೆಳಕ್ಕೆ ಒರೆಸಿ. ಗೆರೆಯ ದಿಕ್ಕೇ ಹೇಳುತ್ತದೆ.

ಹಿಂಗಾಜಿಗೆ ಮಾತ್ರ ಈ ನಿಯಮ ಬಿಡಿ. ಅಲ್ಲಿ ಒಳಗಡೆ ಕಾಣುವ ಸಾಲು ಗೆರೆಗಳು ಡಿಫಾಗರಿನ ತಂತಿಗಳು, ಬೆಳ್ಳಿ ಬೆರೆತ ಲೇಪದಿಂದ ಅಚ್ಚಾದವು. ಗೆರೆಗುಂಟ ಮೆಲ್ಲಗೆ ಒರೆಸಬೇಕು. ಒಂದು ಕಡೆ ಕೆರೆದುಹೋದರೆ ಆ ಸಾಲಿನಲ್ಲಿ ವಿದ್ಯುತ್ ಹರಿಯುವುದೇ ನಿಲ್ಲುತ್ತದೆ.

ಗಾಜಿಗೆ ಫಿಲ್ಮ್ ಅಂಟಿಸಿದ್ದರೆ ಅಮೋನಿಯಾ ಇರುವ ಕ್ಲೀನರ್ ಬೇಡ, ಯಾವ ಪಾಲಿಶ್ ಪುಡಿಯೂ ಬೇಡ.

ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ ಏರಿ ಬರುತ್ತದೆ. 2024ರ ಮಾರ್ಚ್‌ನಲ್ಲಿ ಬರದ ನಡುವೆ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಹಾಗೆಂದು ಬೋರ್ ನೀರು ಹಿಡಿದವರು ಚುಕ್ಕೆಗೆ ಹೆದರಬೇಕಿಲ್ಲ. ತೊಳೆಯುವುದು ಗಡಸು ನೀರಿನಲ್ಲೇ ಆಗಲಿ, ಆದರೆ ನೆರಳಿನಲ್ಲಿ, ಗಾಜು ತಣ್ಣಗಿರುವಾಗ, ಹನಿ ಆರುವ ಮುನ್ನ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿಬಿಡಿ. ಕೊನೆಯ ಒಂದು ಕೈ ಗಾಜಿಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಿಂಪಡಿಸಿ ಒರೆಸಿದರೆ ಇನ್ನೂ ಲೇಸು. ಲವಣವೇ ಇಲ್ಲದ ನೀರು ಆರಿದರೆ ಹಿಂದೆ ಬಿಡಲು ಅದರ ಬಳಿ ಏನೂ ಇರುವುದಿಲ್ಲ; ಒಂದು ಲೀಟರಿನ ಬಾಟಲಿ ತುಂಬ ದಿನ ಬರುತ್ತದೆ.