ಭಾರಿ ವಾಹನಗಳ ಹೈಡ್ರಾಲಿಕ್ ಸಸ್ಪೆನ್ಷನ್ ಸಿಲಿಂಡರ್: ವಾಹನ ಮಾಲೀಕರು ಮತ್ತು ಅರ್ಜಿದಾರರ ಮಾಹಿತಿಗಾಗಿ

ರಾಮಮೂರ್ತಿ ನಗರ, ಕೃಷ್ಣರಾಜಪುರ ಹಾಗೂ ಸುತ್ತಲಿನ ಪ್ರದೇಶಗಳ ಟಿಪ್ಪರ್, ಟ್ರೇಲರ್ ಮುಂತಾದ ಭಾರಿ ವಾಹನಗಳ ಮಾಲೀಕರು ಅರ್ಹತಾ ಪತ್ರಕ್ಕೆ (ಎಫ್.ಸಿ.) ಅರ್ಜಿ ಸಲ್ಲಿಸುವ ಮುನ್ನ ತಿಳಿದಿರಬೇಕಾದ ಕೆಲವು ಅಂಶಗಳನ್ನು ಇಲ್ಲಿ ನೀಡಲಾಗಿದೆ. ‘ಹೈಡ್ರಾಲಿಕ್ ಸಿಲಿಂಡರ್’ ಎಂಬ ಒಂದೇ ಹೆಸರಿನ ಭಾಗಗಳು ಬೇರೆ ಬೇರೆ ವಾಹನಗಳಲ್ಲಿ ಬೇರೆ ಬೇರೆ ಕೆಲಸ ಮಾಡುತ್ತವೆ. ಈ ವ್ಯತ್ಯಾಸವನ್ನು ಅರಿಯದೆ ದುರಸ್ತಿಗೆ ಕೈಹಾಕುವುದರಿಂದ ಪ್ರಾಣಾಪಾಯ ಸಂಭವಿಸಬಹುದು.

1. ಯಾವ ವಾಹನದಲ್ಲಿ ಯಾವ ಸಿಲಿಂಡರ್?

ಅ) ಟಿಪ್ಪರ್: ಮರಳು, ಜಲ್ಲಿ ಸಾಗಿಸುವ ಸಾಮಾನ್ಯ ಟಿಪ್ಪರ್‌ನಲ್ಲಿ ಕಾಣುವ ಸಿಲಿಂಡರ್ ತೊಟ್ಟಿಯನ್ನು ಮೇಲೆತ್ತುವುದಕ್ಕಾಗಿ ಇರುತ್ತದೆ. ಅದು ಸಸ್ಪೆನ್ಷನ್ ಅಲ್ಲ. ಇಂತಹ ವಾಹನಗಳಲ್ಲಿ ಭಾರವನ್ನು ಸಾಮಾನ್ಯವಾಗಿ ಉಕ್ಕಿನ ಕಮಾನು ಪಟ್ಟಿಗಳು ಹೊರುತ್ತವೆ.

ಆ) ಗಣಿ ಡಂಪರ್: ಇಲ್ಲಿ ಸಿಲಿಂಡರ್ ತಾನೇ ಸ್ಪ್ರಿಂಗ್‌ನ ಕೆಲಸ ಮಾಡುತ್ತದೆ. 1964ರಲ್ಲಿ ಸ್ಥಾಪನೆಯಾದ, ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಹೊಂದಿರುವ ಬಿ.ಇ.ಎಂ.ಎಲ್. ಸಂಸ್ಥೆಯು ಮೈಸೂರು ಘಟಕದಲ್ಲಿ ತಯಾರಿಸುವ ಬಿಎಚ್ 35, ಬಿಎಚ್ 100 ಮುಂತಾದ ಡಂಪರ್‌ಗಳು ಈ ಬಗೆಯವು. ಹೆಸರಿನಲ್ಲಿರುವ ಅಂಕಿಯು ವಾಹನವು ಸಾಗಿಸುವ ಸರಕಿನ ತೂಕವನ್ನು ಟನ್ನುಗಳಲ್ಲಿ ಸೂಚಿಸುತ್ತದೆ.

ಇ) ಹೈಡ್ರಾಲಿಕ್ ಟ್ರೇಲರ್: ವಿದ್ಯುತ್ ಪರಿವರ್ತಕದಂತಹ ಅತಿ ಭಾರದ ವಸ್ತುಗಳನ್ನು ಸಾಗಿಸುವ ಬಹು ಅಚ್ಚಿನ ಟ್ರೇಲರ್‌ಗಳಲ್ಲಿ ಹಲವು ಸಿಲಿಂಡರ್‌ಗಳನ್ನು ಎಣ್ಣೆಯ ಕೊಳವೆಗಳಿಂದ ಜೋಡಿಸಲಾಗಿರುತ್ತದೆ. ಒಂದು ಚಕ್ರ ಉಬ್ಬಿನ ಮೇಲೇರಿದಾಗ ಅದರ ಸಿಲಿಂಡರ್‌ನ ಎಣ್ಣೆ ಉಳಿದವುಗಳತ್ತ ಹರಿದು, ಆ ಗುಂಪಿನ ಎಲ್ಲ ಅಚ್ಚುಗಳಿಗೂ ಭಾರ ಸಮನಾಗಿ ಹಂಚಿಕೆಯಾಗುತ್ತದೆ.

2. ಡಂಪರ್‌ನ ಸಸ್ಪೆನ್ಷನ್ ಸಿಲಿಂಡರ್ ಕಾರ್ಯವಿಧಾನ

ಸಿಲಿಂಡರ್‌ನೊಳಗೆ ಎಣ್ಣೆ ಮತ್ತು ಸಾರಜನಕ ಅನಿಲ ಎರಡನ್ನೂ ತುಂಬಲಾಗಿರುತ್ತದೆ. ಎಣ್ಣೆಯನ್ನು ಒತ್ತಿ ಕುಗ್ಗಿಸಲು ಬಹುತೇಕ ಸಾಧ್ಯವಿಲ್ಲ, ಅನಿಲವನ್ನು ಕುಗ್ಗಿಸಬಹುದು. ಚಕ್ರವು ಉಬ್ಬಿನ ಮೇಲೆ ಹತ್ತಿದಾಗ ದಂಡವು ಒಳಸರಿದು ಅನಿಲ ಕುಗ್ಗುತ್ತದೆ. ಇದೇ ಇಲ್ಲಿನ ಸ್ಪ್ರಿಂಗ್. ಅನಿಲದ ಗಾತ್ರ ಅರ್ಧಕ್ಕೆ ಇಳಿದರೆ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ. ಆದ್ದರಿಂದ ಖಾಲಿ ವಾಹನದಲ್ಲಿ ಮೃದುವಾಗಿರುವ ಸಸ್ಪೆನ್ಷನ್, ಭಾರ ತುಂಬಿದಂತೆ ತಾನಾಗಿಯೇ ಬಿಗಿಯಾಗುತ್ತದೆ.

ದಂಡವು ಒಳಸರಿಯುವಾಗ ಏಕಮುಖ ಕವಾಟ ತೆರೆದು, ದಂಡದ ಸುತ್ತಲಿನ ಜಾಗಕ್ಕೆ ಎಣ್ಣೆ ಸರಾಗವಾಗಿ ಹರಿಯುತ್ತದೆ. ದಂಡವು ಹೊರಬರುವಾಗ ಕವಾಟ ಮುಚ್ಚಿಕೊಂಡು, ಎಣ್ಣೆಯು ಸಣ್ಣ ರಂಧ್ರದ ಮೂಲಕವೇ ನಿಧಾನವಾಗಿ ಹಿಂದಿರುಗಬೇಕಾಗುತ್ತದೆ. ಇದರಿಂದ ವಾಹನವು ಪದೇ ಪದೇ ಕುಪ್ಪಳಿಸುವುದು ತಪ್ಪುತ್ತದೆ. ಹೀಗೆ ಅನಿಲವು ಆಘಾತವನ್ನು ಹೀರಿಕೊಂಡರೆ ಎಣ್ಣೆಯು ಕುಲುಕಾಟವನ್ನು ಅಡಗಿಸುತ್ತದೆ.

3. ಒಳಗಿನ ಒತ್ತಡ ಎಷ್ಟು?

ಉದಾಹರಣೆಗೆ, 16 ಸೆಂ.ಮೀ. ವ್ಯಾಸದ ಒಂದು ದಂಡದ ಮೇಲೆ 10 ಟನ್ ಭಾರವಿದೆ ಎಂದುಕೊಳ್ಳೋಣ. ದಂಡದ ತುದಿಯ ವಿಸ್ತೀರ್ಣ ಸುಮಾರು 200 ಚದರ ಸೆಂ.ಮೀ. ಆದ್ದರಿಂದ ಪ್ರತಿ ಚದರ ಸೆಂ.ಮೀ.ಗೆ ಸುಮಾರು 50 ಕೆ.ಜಿ. ಒತ್ತಡ ಬೀಳುತ್ತದೆ. ಲಾರಿ ಟೈರಿನ ಒತ್ತಡ ಸಾಮಾನ್ಯವಾಗಿ ಸುಮಾರು 8 ಕೆ.ಜಿ. ಇರುತ್ತದೆ. ಗುಂಡಿಗೆ ಬಿದ್ದ ಕ್ಷಣದಲ್ಲಿ ಸಿಲಿಂಡರ್‌ನ ಒತ್ತಡ ಇನ್ನೂ ಹೆಚ್ಚುತ್ತದೆ. ವಾಹನ ನಿಂತಿರುವಾಗಲೂ ಎಂಜಿನ್ ಆರಿಸಿದ ನಂತರವೂ ಈ ಒತ್ತಡ ಒಳಗೇ ಉಳಿದಿರುತ್ತದೆ ಎಂಬುದನ್ನು ಮರೆಯತಕ್ಕದ್ದಲ್ಲ.

4. ದೋಷದ ಲಕ್ಷಣಗಳು

- ಸಮತಟ್ಟಾದ ನೆಲದಲ್ಲಿ ಖಾಲಿ ವಾಹನವು ಒಂದು ಬದಿಗೆ ವಾಲುವುದು.
- ಎಡ ಮತ್ತು ಬಲ ಸಿಲಿಂಡರ್‌ಗಳಲ್ಲಿ ಹೊರಗೆ ಕಾಣುವ ದಂಡದ ಉದ್ದದಲ್ಲಿ ವ್ಯತ್ಯಾಸ.
- ದಂಡದ ಮೇಲೆ ಎಣ್ಣೆಯ ಸೋರಿಕೆ, ಗೀರು ಅಥವಾ ತುಕ್ಕು.
- ಟೈರುಗಳು ಒಂದೇ ಬದಿಯಲ್ಲಿ ಸವೆಯುವುದು.

ಇವುಗಳನ್ನು ಕಡೆಗಣಿಸಿದಲ್ಲಿ ಚಾಸಿಸ್ ತಿರುಚಿ ಬಿರುಕು ಬಿಡುವ ಸಾಧ್ಯತೆ ಇದೆ.

5. ಸುರಕ್ಷತಾ ಸೂಚನೆಗಳು

ಅ) ಅನಿಲವನ್ನು ಪೂರ್ಣವಾಗಿ ಹೊರಬಿಡದೆ ಸಸ್ಪೆನ್ಷನ್ ಸಿಲಿಂಡರ್‌ನ ಯಾವುದೇ ಬೋಲ್ಟ್ ಅಥವಾ ಕವಾಟವನ್ನು ಸಡಿಲಿಸಬಾರದು. ಈ ಕೆಲಸವನ್ನು ತರಬೇತಿ ಪಡೆದವರು ಮಾತ್ರ, ತಯಾರಕರ ಕೈಪಿಡಿಯಂತೆ ಮಾಡತಕ್ಕದ್ದು.
ಆ) ಸಾರಜನಕದ ಬದಲು ಆಮ್ಲಜನಕವನ್ನು ಎಂದಿಗೂ ತುಂಬಬಾರದು. ಅಧಿಕ ಒತ್ತಡದ ಆಮ್ಲಜನಕವು ಎಣ್ಣೆಯೊಡನೆ ಸೇರಿದರೆ ಸ್ಫೋಟಗೊಳ್ಳುತ್ತದೆ.
ಇ) ಸಿಲಿಂಡರ್‌ಗೆ ವೆಲ್ಡಿಂಗ್ ಮಾಡಬಾರದು.
ಈ) ಟಿಪ್ಪರ್‌ನ ತೊಟ್ಟಿಯನ್ನು ಎತ್ತಿ ಕೆಲಸ ಮಾಡುವಾಗ ಸುರಕ್ಷತಾ ಆಧಾರವನ್ನು ಕಡ್ಡಾಯವಾಗಿ ನಿಲ್ಲಿಸತಕ್ಕದ್ದು. ಎಣ್ಣೆಯ ಕೊಳವೆ ಒಡೆದರೆ ತೊಟ್ಟಿ ಕ್ಷಣಾರ್ಧದಲ್ಲಿ ಕೆಳಗಿಳಿಯುತ್ತದೆ.

6. ಅರ್ಹತಾ ಪತ್ರದ ಅರ್ಜಿದಾರರಿಗೆ

ಮೋಟಾರು ವಾಹನ ಕಾಯ್ದೆ, 1988ರ 56ನೇ ಪ್ರಕರಣದಂತೆ ಸಾರಿಗೆ ವಾಹನಗಳಿಗೆ ಅರ್ಹತಾ ಪತ್ರ ಕಡ್ಡಾಯ. 8 ವರ್ಷದವರೆಗಿನ ವಾಹನಗಳಿಗೆ 2 ವರ್ಷಕ್ಕೊಮ್ಮೆ, ನಂತರ ಪ್ರತಿ ವರ್ಷ ಇದನ್ನು ನವೀಕರಿಸಿಕೊಳ್ಳಬೇಕು. ಅರ್ಜಿಯನ್ನು ಪರಿವಾಹನ್ ಪೋರ್ಟಲ್ ಮೂಲಕ ಸಲ್ಲಿಸಬಹುದು. ನೋಂದಣಿ ಪತ್ರ, ವಿಮೆ, ತೆರಿಗೆ ಪಾವತಿ, ಪರವಾನಗಿ ಮತ್ತು ಮಾಲಿನ್ಯ ನಿಯಂತ್ರಣ ಪ್ರಮಾಣ ಪತ್ರಗಳು ಚಾಲ್ತಿಯಲ್ಲಿರಬೇಕು.

ಕಮಾನು ಪಟ್ಟಿಗಳನ್ನು ಹೆಚ್ಚಿಸಿದ ಮಾತ್ರಕ್ಕೆ ನೋಂದಣಿ ಪತ್ರದಲ್ಲಿ ನಮೂದಾದ ಒಟ್ಟು ತೂಕದ ಮಿತಿ ಹೆಚ್ಚುವುದಿಲ್ಲ. ಅಧಿಕ ಭಾರ ಸಾಗಣೆಯು 194ನೇ ಪ್ರಕರಣದಡಿ ದಂಡನೀಯ. ವಾಹನದ ಮೂಲ ರಚನೆಯನ್ನು ಬದಲಾಯಿಸುವುದಕ್ಕೆ 52ನೇ ಪ್ರಕರಣದ ನಿರ್ಬಂಧಗಳು ಅನ್ವಯಿಸುತ್ತವೆ.

ತಪಾಸಣೆಗೆ ಮುನ್ನವೇ ಮೇಲ್ಕಂಡ ದೋಷಗಳನ್ನು ಸರಿಪಡಿಸಿಕೊಂಡಲ್ಲಿ ಅರ್ಜಿದಾರರ ಸಮಯ ಮತ್ತು ಹಣ ಉಳಿಯುತ್ತದೆ. ಚಾಲಕರ ಹಾಗೂ ರಸ್ತೆ ಬಳಸುವ ಇತರರ ಜೀವಕ್ಕೂ ರಕ್ಷಣೆ ದೊರೆಯುತ್ತದೆ. ಹೆಚ್ಚಿನ ವಿವರಗಳಿಗೆ ತಮ್ಮ ನೋಂದಣಿ ಪತ್ರದಲ್ಲಿ ನಮೂದಿಸಿರುವ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಲು ಕೋರಲಾಗಿದೆ.