ಮೂಗಿನ ತುದಿಯ ಕೆಂಪು

ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ನಮ್ಮಲ್ಲಿ ರೂಢಿಯ ಮಾತು. ನನ್ನ ಮೂಗು ಕೆಂಪೇರಿದ್ದು ಮಾತ್ರ ಸಿಟ್ಟಿನಿಂದಲ್ಲ, ರೊಸೇಷಿಯ ಎಂಬ ಚರ್ಮರೋಗದಿಂದ. ಆ ಹೆಸರು ತಿಳಿಯುವುದಕ್ಕೆ ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಕೆಲವರು ಅದನ್ನು ಉಷ್ಣವೆಂದರು, ಕೆಲವರು ರಕ್ತದೊತ್ತಡವೆಂದರು. ಮದ್ಯವೆಂದು ಬೆನ್ನ ಹಿಂದೆ ಆಡಿಕೊಂಡವರೂ ಉಂಟು. ಕಾಫಿಯ ಹೊರತು ಬೇರೇನನ್ನೂ ಕುಡಿಯದ ನಾನು ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟೆ.

ಈ ಅಪವಾದ ಹಳೆಯದು. ಶೇಕ್ಸ್‌ಪಿಯರನ 'ನಾಲ್ಕನೆಯ ಹೆನ್ರಿ' ನಾಟಕದಲ್ಲಿ ಬಾರ್ಡಾಲ್ಫನ ಕೆಂಪು ಮೂಗು ಫಾಲ್‌ಸ್ಟಾಫನ ಪರಿಹಾಸ್ಯಕ್ಕೆ ಗುರಿಯಾಗುತ್ತದೆ. ಮದ್ಯ ಈ ರೋಗವನ್ನು ಕೆರಳಿಸಬಲ್ಲದು, ನಿಜ. ಆದರೆ ಮದ್ಯವನ್ನು ಮುಟ್ಟದವರಿಗೂ ಇದು ಬರುತ್ತದೆ.

ಕೆನ್ನೆ, ಮೂಗು, ಹಣೆ, ಗದ್ದ ಇದರ ನೆಲೆ. ಅಲ್ಲಿಯ ಕಿರು ರಕ್ತನಾಳಗಳು ಅಲ್ಪ ಕಾರಣಕ್ಕೂ ಹಿಗ್ಗಿ ಮುಖ ಬಿಸಿಯಾಗುತ್ತದೆ. ಬಂದುಹೋಗುತ್ತಿದ್ದ ಕೆಂಪು ಕ್ರಮೇಣ ನಿಂತುಬಿಡುತ್ತದೆ. ಕೆಲವರಿಗೆ ಮೊಡವೆಯಂಥ ಗುಳ್ಳೆಗಳೇಳುತ್ತವೆ. ಆದರೆ ಮೊಡವೆಯ ಕಪ್ಪು ಚುಕ್ಕೆ ಇಲ್ಲಿರದು. ಕಣ್ಣುಗಳೂ ಉರಿಯಬಹುದು. ಕೆಲವು ಗಂಡಸರಲ್ಲಿ ಮೂಗು ದಪ್ಪಗಾಗಿ ಗಂಟುಗಟ್ಟುತ್ತದೆ. ಇಟಲಿಯ ಗಿರ್ಲಾಂಡಾಯೊ 1490ರ ಸುಮಾರಿಗೆ ಬರೆದ, ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಚಿತ್ರದಲ್ಲಿ ಅಂಥ ಮೂಗಿನ ಅಜ್ಜನನ್ನು ಮೊಮ್ಮಗ ಅಕ್ಕರೆಯಿಂದ ದಿಟ್ಟಿಸುತ್ತಾನೆ.

ಇದು ಅಂಟುರೋಗವಲ್ಲ. ವಂಶದ ಒಲವು, ದೇಹದ ರಕ್ಷಣಾಶಕ್ತಿಯ ಅತಿರೇಕ, ಎಲ್ಲರ ಚರ್ಮದಲ್ಲೂ ಇರುವ ಡೆಮೊಡೆಕ್ಸ್ ಎಂಬ ಸೂಕ್ಷ್ಮಜೀವಿಯ ಹೆಚ್ಚಳ ಇವೆಲ್ಲ ಇದರಲ್ಲಿ ಕೂಡಿವೆ. ಕೆರಳಿಸುವ ಸಂಗತಿಗಳು ಬೇರೆ: ಬಿಸಿಲು, ಒಲೆಯ ಝಳ, ಸುಡುವ ಪಾನೀಯ, ಖಾರ, ಬೀಸುಗಾಳಿ, ಮನಸ್ಸಿನ ಉದ್ವೇಗ. ಒಬ್ಬರಿಗೆ ಒಗ್ಗದ್ದು ಇನ್ನೊಬ್ಬರಿಗೆ ಒಗ್ಗೀತು. ವೈದ್ಯರ ಮಾತಿನಂತೆ ನಾನು ಎರಡು ತಿಂಗಳು ದಿನಚರಿ ಬರೆದೆ. ನನ್ನನ್ನು ಕಾಡಿದ್ದು ಕಾಫಿಯಲ್ಲ, ಅದರ ಬಿಸಿ ಎಂಬುದು ಆಗ ತಿಳಿಯಿತು.

ನಮ್ಮ ಕಂದು ಮೈಬಣ್ಣದಲ್ಲಿ ಕೆಂಪು ಮರೆಯಾಗುವುದುಂಟು. ಹೀಗಾಗಿ ಇದು ಬಿಳಿಯರ ರೋಗವೆಂಬ ಭ್ರಮೆ ಬೆಳೆಯಿತು. ಕಣ್ಣಿಗೆ ಕಾಣದಿದ್ದರೂ ಉರಿ, ಚುಚ್ಚು, ಮುಖದ ಕಾವು ಸುಳಿವು ಕೊಡುತ್ತವೆ. ಆ ಸುಳಿವನ್ನು ಅಲಕ್ಷಿಸಿ ನಾನು ಚೀಟಿಯಿಲ್ಲದೆ ಅಂಗಡಿಯಿಂದ ಮುಲಾಮೊಂದನ್ನು ತಂದೆ. ವಾರದಲ್ಲಿ ಮುಖ ತಿಳಿಯಾಯಿತು. ಬಿಟ್ಟೊಡನೆ ಉರಿ ಇಮ್ಮಡಿಸಿತು. ಅದರಲ್ಲಿದ್ದುದು ಸ್ಟೆರಾಯ್ಡ್. ಅದು ಈ ರೋಗವನ್ನು ಬೆಳೆಸುವುದಲ್ಲದೆ, ಇಲ್ಲದವರಿಗೂ ಇಂಥದನ್ನೇ ತರಬಲ್ಲದು. 2018ರಲ್ಲಿ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಸಾಲಿಗೆ ಸೇರಿಸಿತು. ಆದರೂ ಬೆಳ್ಳಗಾಗುವ ಆಸೆಯಿಂದ ಹಚ್ಚಿಕೊಳ್ಳುವವರು ಇದ್ದಾರೆ.

ರೋಗ ಬೇರುಸಹಿತ ಹೋಗದು, ಹತೋಟಿಗೆ ಬರುತ್ತದೆ. ಮೆಟ್ರೊನಿಡಜೋಲ್, ಅಜೆಲಾಯಿಕ್ ಆಮ್ಲ, ಐವರ್‌ಮೆಕ್ಟಿನ್ ಲೇಪಗಳುಂಟು. ಗುಳ್ಳೆಗಳಿಗೆ ಡಾಕ್ಸಿಸೈಕ್ಲಿನ್ ಗುಳಿಗೆಯುಂಟು. ಯಾವುದು ಯಾರಿಗೆ ಎಂಬುದನ್ನು ಚರ್ಮವೈದ್ಯರೇ ಹೇಳಬೇಕು. ಬಿಸಿಲಿನ ರಕ್ಷಣೆ ಮಾತ್ರ ಎಲ್ಲರಿಗೂ ಬೇಕು. ನಾನೀಗ ಕೊಡೆ ಹಿಡಿದು ನಡೆಯುತ್ತೇನೆ, ಮದುವೆಗಳಿಗೂ ಹೋಗುತ್ತೇನೆ. ಕಾಫಿಯನ್ನೂ ಬಿಟ್ಟಿಲ್ಲ, ಆರಿಸಿ ಕುಡಿಯುತ್ತೇನೆ.